ಗ್ಯಾಸ್ ಖಾಲಿಯಾಗುವುದಿಲ್ಲ, ಸೋರಿಹೋಗುತ್ತದೆ!
ಹಳೆಯ ಕಾರಿನ ಎ.ಸಿ. ಕೆಟ್ಟಾಗ ಮನೆಮಂದಿ ತಿಳಿದಿರಬೇಕಾದ ಸಂಗತಿಗಳು

ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಬರುವ ಹೊತ್ತಿಗೆ ನಮ್ಮ ಗಡಿಭಾಗದಲ್ಲಿ ಬಿಸಿಲು ತನ್ನ ಪ್ರತಾಪ ತೋರಿಸಲು ಶುರು ಮಾಡಿರುತ್ತದೆ. ತಾಂಡೂರು, ಜಹೀರಾಬಾದ್, ನಾರಾಯಣಖೇಡ್ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ಮದುವೆಗಳು, ಮಕ್ಕಳ ಪ್ರಥಮ ಪರಮಪ್ರಸಾದ, ನೆಂಟರ ಮನೆಯ ಕಾರ್ಯಗಳು ಎಲ್ಲವೂ ಬರುವುದು ಇದೇ ಬೇಸಿಗೆಯಲ್ಲಿ. ಅದಕ್ಕಿಂತ ಮುಖ್ಯವಾಗಿ, ಕಾಯಿಲೆಗೆ ಕಾಲವಿಲ್ಲ. ಬೊಮ್ರಾಸಪೇಟಿನಿಂದ ಪರಿಗಿ, ಮನ್ನೆಗೂಡ, ಚೇವೆಳ್ಳ ದಾಟಿ ಹೈದರಾಬಾದಿನ ದೊಡ್ಡಾಸ್ಪತ್ರೆ ಸೇರಬೇಕೆಂದರೆ ಸುಮಾರು 100 ಕಿಲೋಮೀಟರ್ ದಾರಿ. ವಯಸ್ಸಾದ ತಾಯಿಯನ್ನೋ, ಡಯಾಲಿಸಿಸ್ ಮಾಡಿಸಿಕೊಳ್ಳುವ ಅಣ್ಣನನ್ನೋ ಮಧ್ಯಾಹ್ನದ ಬಿಸಿಲಲ್ಲಿ ಕರೆದುಕೊಂಡು ಹೋಗುವವರಿಗೆ ಕಾರಿನ ಎ.ಸಿ. ಎಂಬುದು ಶೋಕಿಯ ವಸ್ತುವಲ್ಲ, ಅಗತ್ಯದ ವಸ್ತು.

ಆದರೆ ನಮ್ಮಲ್ಲಿ ಬಹುಪಾಲು ಮನೆಗಳಲ್ಲಿರುವುದು ಹಳೆಯ ಕಾರುಗಳು. 15 ವರ್ಷ ತುಂಬಿ, ಆರ್.ಸಿ.ಯನ್ನು ಮತ್ತೆ 5 ವರ್ಷಕ್ಕೆ ನವೀಕರಿಸಿಕೊಂಡು ಓಡುತ್ತಿರುವ ಮಾರುತಿ 800, ಆಲ್ಟೋ, ಸ್ಯಾಂಟ್ರೋ, ಇಂಡಿಕಾಗಳು. ಪಟ್ಟಣದಲ್ಲಿ ಮೊದಲ ಮಾಲೀಕ ಬಳಸಿ ಬಿಟ್ಟದ್ದು ಎರಡನೇ, ಮೂರನೇ ಕೈಯಾಗಿ ನಮ್ಮ ಅಂಗಳಕ್ಕೆ ಬಂದಿರುತ್ತದೆ. ಮುಂದೆ ಸಂತ ಕ್ರಿಸ್ತೋಫರರ ಚಿತ್ರ, ಕನ್ನಡಿಗೊಂದು ಜಪಸರ, ಎಲ್ಲವೂ ಸರಿಯಾಗಿಯೇ ಇರುತ್ತದೆ. ಎ.ಸಿ. ಮಾತ್ರ ಬಿಸಿ ಗಾಳಿ ಊದುತ್ತಿರುತ್ತದೆ.

ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: "ಗ್ಯಾಸ್ ಖಾಲಿ ಆಗ್ಯಾದ ರೀ, ತುಂಬಿಸಿಬಿಡ್ರಿ." ತುಂಬಿಸುತ್ತೇವೆ, ತಂಪಾಗುತ್ತದೆ. ಮುಂದಿನ ಬೇಸಿಗೆಗೆ, ಕೆಲವೊಮ್ಮೆ ಮುಂದಿನ ತಿಂಗಳಿಗೇ, ಮತ್ತೆ ಅದೇ ಕಥೆ. ಹೀಗೆ ವರ್ಷವರ್ಷವೂ ಹಣ ಸುರಿಯುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಡೋಣ. ಪೆಟ್ರೋಲಿನಂತೆ ಎ.ಸಿ. ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಮತ್ತೆ ಮತ್ತೆ ಸುತ್ತುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಪೈಪುಗಳ ಮೂಲಕ ತುಸು ಜಿನುಗುವುದುಂಟು, ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಕಡಿಮೆಯಾಯಿತೆಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ತಂಪು ಹುಟ್ಟುವುದು ಹೇಗೆ?

ಇಂಜೆಕ್ಷನ್ ಕೊಡುವ ಮುನ್ನ ನರ್ಸ್ ಅಕ್ಕ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗೆನಿಸುತ್ತದಲ್ಲವೇ? ಸ್ಪಿರಿಟ್ ಆವಿಯಾಗುವಾಗ ನಮ್ಮ ಚರ್ಮದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಮಣ್ಣಿನ ಕೊಡದ ನೀರು ತಂಪಾಗುವುದೂ ಇದೇ ಗುಟ್ಟಿನಿಂದ. ಕಾರಿನ ಎ.ಸಿ.ಯಲ್ಲಿ ಆಗುವುದೂ ಇಷ್ಟೇ. ವ್ಯತ್ಯಾಸವೆಂದರೆ ಇಲ್ಲಿ ಆವಿಯಾದದ್ದನ್ನು ಹಿಡಿದು ಮತ್ತೆ ದ್ರವ ಮಾಡಲಾಗುತ್ತದೆ.

ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಗ್ಯಾಸ್ ರೇಡಿಯೇಟರಿನ ಮುಂದೆ ಇರುವ ಜಾಲರಿಯಂಥ ಕಂಡೆನ್ಸರಿಗೆ ಬಂದು, ಹೊರಗಿನ ಗಾಳಿಗೆ ಶಾಖ ಬಿಟ್ಟು ದ್ರವವಾಗುತ್ತದೆ. ಅಲ್ಲಿಂದ ಡ್ರೈಯರ್ ಎಂಬ ಸಣ್ಣ ಡಬ್ಬಿಯಲ್ಲಿ ತೇವ, ಕಸ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಸೂಜಿಗಂಡಿಯಂಥ ದಾರಿಯಲ್ಲಿ ನುಸುಳುತ್ತದೆ. ನುಸುಳಿದ ಕೂಡಲೇ ಒತ್ತಡ ಇಳಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತಾ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಬ್ಲೋವರ್ ಆ ಕಾಯಿಲ್ ಮೂಲಕ ಗಾಳಿ ಊದುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಕಾರು ನಿಂತಲ್ಲಿ ಆ ನೀರು ಕಂಡರೆ ಗಾಬರಿಯಾಗಬೇಡಿ, ಎ.ಸಿ. ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ದುಡ್ಡು ಬಿಚ್ಚುವ ಮುನ್ನ ಕಣ್ಣು ಬಿಚ್ಚಿ

ಗ್ಯಾರೇಜಿಗೆ ಹೋಗುವ ಮುನ್ನ ಮನೆಯಂಗಳದಲ್ಲೇ ಹತ್ತು ನಿಮಿಷ ನೋಡಿದರೆ ತೊಂದರೆ ಯಾವ ಕಡೆ ಇದೆ ಎಂದು ತಿಳಿಯಬಹುದು. ಸ್ಪ್ಯಾನರ್ ಹಿಡಿಯುವ ಅಗತ್ಯವಿಲ್ಲ.

ಗಾಳಿಯೇ ಕಡಿಮೆ ಬರುತ್ತಿದೆಯೇ? ಹಾಗಿದ್ದರೆ ಗ್ಯಾಸಿನ ತಂಟೆಗೆ ಹೋಗಬೇಡಿ. ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ಅದು ಧೂಳಿನಿಂದ ಕಟ್ಟಿರಬಹುದು. ಹಳೆಯ ಅನೇಕ ಕಾರುಗಳಲ್ಲಿ ಈ ಫಿಲ್ಟರೇ ಇಲ್ಲ, ಧೂಳೆಲ್ಲ ನೇರವಾಗಿ ಕೂಲಿಂಗ್ ಕಾಯಿಲ್‌ಗೇ ಅಂಟುತ್ತದೆ. ಅದನ್ನು ಬಿಚ್ಚಿ ತೊಳೆಯಬೇಕಾದೀತು.

ಗಾಳಿ ಜೋರಾಗಿದ್ದೂ ತಂಪಿಲ್ಲವೇ? ಇಂಜಿನ್ ಚಾಲೂ ಇಟ್ಟು ಬಾನೆಟ್ ತೆರೆದು, ಕೈ, ಸೆರಗು, ದುಪಟ್ಟಾ ಬೆಲ್ಟಿನಿಂದ ದೂರವಿಟ್ಟು ನೋಡಿ. ಕಂಪ್ರೆಸರಿನ ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ. ಒಳಗಿನಿಂದ ಒಬ್ಬರು ಎ.ಸಿ. ಸ್ವಿಚ್ ಹಾಕಿದಾಗ "ಟಕ್" ಎಂಬ ಸದ್ದಾಗಿ ಪುಲ್ಲಿಯ ನಡುವಿನ ತಟ್ಟೆಯೂ ತಿರುಗಬೇಕು. ತಿರುಗಲಿಲ್ಲವೆಂದರೆ ಫ್ಯೂಸ್, ರಿಲೇ, ವೈರು, ಕ್ಲಚ್ ಕಾಯಿಲ್ ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿದೆ. ಅಥವಾ ಗ್ಯಾಸ್ ತೀರಾ ಕಡಿಮೆಯಾಗಿ ಪ್ರೆಷರ್ ಸ್ವಿಚ್ ತಾನೇ ಕಂಪ್ರೆಸರನ್ನು ನಿಲ್ಲಿಸಿದೆ. ಫ್ಯೂಸ್, ರಿಲೇಗಳ ಬೆಲೆ ಕಂಪ್ರೆಸರಿನ ಬೆಲೆಯ ಮುಂದೆ ಏನೇನೂ ಅಲ್ಲ. ಆದ್ದರಿಂದ ಮೊದಲು ಅವನ್ನೇ ನೋಡಿಸಿ.

ಓಡುವಾಗ ತಂಪು, ನಿಂತಾಗ ಬಿಸಿಯೇ? ಇದು ಬಹುತೇಕ ಫ್ಯಾನಿನ ದೋಷ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದಾಗ ಮುಂದಿನ ಫ್ಯಾನ್ ತಿರುಗಬೇಕು. ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಂಪು ಮಾಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು.

ಮೊದಲು ತಂಪಾಗಿದ್ದು, ಗಂಟೆಯ ನಂತರ ಗಾಳಿಯೇ ನಿಂತುಹೋಗಿ, ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಸರಿಹೋಗುತ್ತದೆಯೇ? ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಅಲ್ಲಿನ ಥರ್ಮೋಸ್ಟಾಟ್ ಅಥವಾ ಸೆನ್ಸರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಗಾಳಿ ಜೋರಾಗಿಯೇ ಬರುತ್ತಿದ್ದು ಬಿಟ್ಟುಬಿಟ್ಟು ಬಿಸಿಯಾಗುತ್ತಿದ್ದರೆ, ಒಳಗೆ ಸೇರಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತಿರಬಹುದು. ಆಗ ಡ್ರೈಯರ್ ಬದಲಾಯಿಸಬೇಕು.

ಎಲ್ಲ ಸರಿಯಿದ್ದೂ ಗಾಳಿ ಉಗುರುಬೆಚ್ಚಗಿದೆಯೇ? ಹಳೆಯ ಕಾರುಗಳಲ್ಲಿ ಹೀಟರಿನ ಕೇಬಲ್ ಸಿಕ್ಕಿಹಾಕಿಕೊಂಡು, ಇಂಜಿನ್ನಿನ ಬಿಸಿನೀರು ಹೀಟರಿನಲ್ಲಿ ಹರಿಯುತ್ತಲೇ ಇರುತ್ತದೆ. ಒಂದು ಕಡೆ ಎ.ಸಿ. ತಂಪು ಮಾಡುತ್ತಿದ್ದರೆ ಇನ್ನೊಂದು ಕಡೆ ಹೀಟರ್ ಬಿಸಿ ಮಾಡುತ್ತಿರುತ್ತದೆ! ಈ ಸಣ್ಣ ಸಂಗತಿಯನ್ನು ಯಾರೂ ನೋಡದೆ ಗ್ಯಾಸ್ ಬದಲಾಯಿಸಿದವರುಂಟು.

ಕೊನೆಯದಾಗಿ, ಪೈಪುಗಳ ಜೋಡಣೆಯ ಜಾಗಗಳಲ್ಲಿ ಎಣ್ಣೆಯ ಜಿಡ್ಡಿನ ಮೇಲೆ ಧೂಳು ಕೂತಿದೆಯೇ ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ, ಗ್ಯಾಸ್ ಸೋರುವ ಕಡೆ ಎಣ್ಣೆಯ ಗುರುತು ಬಿದ್ದಿರುತ್ತದೆ. ಆ ಜಾಗವನ್ನು ಮೆಕಾನಿಕ್‌ಗೆ ತೋರಿಸಿದರೆ ಅವರ ಅರ್ಧ ಕೆಲಸ ಮುಗಿದಂತೆ.

ನಮ್ಮೂರ ಧೂಳು, ತೊಗರಿಯ ಹೊಟ್ಟು

ಕಾರಿನ ಪುಸ್ತಕದಲ್ಲಿ ಬರೆಯದ, ನಮ್ಮ ಸೀಮೆಗೇ ವಿಶೇಷವಾದ ಒಂದು ತೊಂದರೆಯಿದೆ. ತಾಂಡೂರಿನ ಸುತ್ತಮುತ್ತ ಕಲ್ಲುಗಣಿಗಳು, ಪರಸಿಕಲ್ಲು ಪಾಲಿಶ್ ಮಾಡುವ ಘಟಕಗಳು, ಸಿಮೆಂಟ್ ಕಾರ್ಖಾನೆಗಳು. ದಿನವಿಡೀ ಓಡುವ ಲಾರಿಗಳು ಎಬ್ಬಿಸುವ ಬಿಳಿ ಧೂಳು ಎದುರಿಗೆ ಬರುವ ಪ್ರತಿ ಕಾರಿನ ಮೂತಿಗೆ ಮೆತ್ತಿಕೊಳ್ಳುತ್ತದೆ. ಇದರ ಮೇಲೆ ತೊಗರಿಯ ಸುಗ್ಗಿ. ಡಿಸೆಂಬರ್-ಜನವರಿಯಲ್ಲಿ ಕಟಾವು ಮಾಡಿದ ತೊಗರಿಕಟ್ಟಿಗೆಯನ್ನು ಟಾರು ರಸ್ತೆಯ ಮೇಲೇ ಹರಡುವ ರೂಢಿ ನಮ್ಮ ಕಡೆ ಇದೆ. ಅದರ ಮೇಲೆ ಗಾಡಿ ಓಡಿಸಿದಾಗ ಹೊಟ್ಟೆಲ್ಲ ಹಾರಿ ಗ್ರಿಲ್ಲಿನೊಳಗೆ ಸೇರುತ್ತದೆ. ಚಳಿಗಾಲದಲ್ಲಿ ಎ.ಸಿ. ಹಾಕದ ಕಾರಣ ನಮಗೆ ಅದು ಗೊತ್ತಾಗುವುದಿಲ್ಲ. ಮಾರ್ಚಿನಲ್ಲಿ ಸ್ವಿಚ್ ಒತ್ತಿದಾಗ ಕಂಡೆನ್ಸರಿಗೆ ಉಸಿರಾಡಲು ಜಾಗವೇ ಇರುವುದಿಲ್ಲ.

ಕಂಡೆನ್ಸರಿನ ಶಾಖ ಹೊರಹೋಗದಿದ್ದರೆ ಗ್ಯಾಸ್ ತುಂಬಿದ್ದರೂ ತಂಪಿಲ್ಲ. ಒತ್ತಡ ಏರಿ ಕಂಪ್ರೆಸರಿಗೂ ಪೆಟ್ಟು. ಇದರ ಮದ್ದು ಬಹಳ ಅಗ್ಗ. ಇಂಜಿನ್ ಆರಿಸಿ ಪೂರ್ತಿ ತಣ್ಣಗಾದ ಮೇಲೆ ಸಾಧಾರಣ ನೀರಿನ ಪೈಪಿನಿಂದ ಕಂಡೆನ್ಸರನ್ನು ನಿಧಾನವಾಗಿ ತೊಳೆಯಿರಿ. ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ, ಅಂದರೆ ಧೂಳು ಬಂದ ದಾರಿಯಲ್ಲೇ ಹಿಂದಿರುಗುವಂತೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಗನ್ ಹತ್ತಿರ ಹಿಡಿದರೆ ತೆಳುವಾದ ಅಲ್ಯೂಮಿನಿಯಂ ಹಾಳೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಸುಗ್ಗಿ ಮುಗಿದ ಮೇಲೊಮ್ಮೆ, ಬೇಸಿಗೆಯ ನಡುವೆ ಒಮ್ಮೆ ಹೀಗೆ ತೊಳೆದರೆ ಎಷ್ಟೋ ಕಾರುಗಳಿಗೆ ಗ್ಯಾರೇಜ್ ಬೇಕಾಗುವುದಿಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಇಷ್ಟಾದರೂ ತಂಪಾಗದಿದ್ದರೆ ಎ.ಸಿ. ಕೆಲಸ ಬಲ್ಲವರ ಹತ್ತಿರ ಹೋಗಲೇಬೇಕು. ಗ್ಯಾಸಿನ ಪೈಪುಗಳನ್ನು ಮನೆಯಲ್ಲಿ ಬಿಚ್ಚುವ ಸಾಹಸ ಖಂಡಿತ ಬೇಡ. ಒತ್ತಡದಿಂದ ಚಿಮ್ಮುವ ಈ ದ್ರವ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಒಳ್ಳೆಯ ಮೆಕಾನಿಕ್ ಮೊದಲು ಎರಡು ಮುಳ್ಳಿನ ಗೇಜ್ ಜೋಡಿಸುತ್ತಾರೆ. ಇಂದಿನ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಗ್ಯಾಸಿಗೆ, ಎ.ಸಿ. ಚಾಲೂ ಇದ್ದಾಗ ಕಡಿಮೆ ಒತ್ತಡದ ಕಡೆ ಸುಮಾರು 30ರಿಂದ 45 ಪಿ.ಎಸ್.ಐ., ಹೆಚ್ಚು ಒತ್ತಡದ ಕಡೆ 200ರಿಂದ 250 ಪಿ.ಎಸ್.ಐ. ಇರುವುದು ಸಾಮಾನ್ಯ. ಕಡುಬಿಸಿಲಿನಲ್ಲಿ ಇನ್ನೂ ತುಸು ಏರಬಹುದು. ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಮೇಲಿದ್ದರೆ ಕಂಡೆನ್ಸರ್ ಕಟ್ಟಿದೆ, ಫ್ಯಾನ್ ನಿಂತಿದೆ ಅಥವಾ ಗ್ಯಾಸ್ ಹೆಚ್ಚಾಗಿದೆ. ಕೆಳಗಿರಬೇಕಾದದ್ದು ಏರಿ, ಮೇಲಿರಬೇಕಾದದ್ದು ಇಳಿದಿದ್ದರೆ ಕಂಪ್ರೆಸರ್ ಸವೆದಿದೆ. ಅಂದರೆ "ಕಂಪ್ರೆಸರ್ ಹೋಗಿದೆ" ಎಂಬ ಮಾತಿಗೆ ಗೇಜಿನ ಸಾಕ್ಷಿ ಬೇಕು. ತೋರಿಸಿ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕೆಲಸ ಬಲ್ಲವರು ಸಂತೋಷದಿಂದಲೇ ತೋರಿಸುತ್ತಾರೆ.

ಗ್ಯಾಸ್ ಕಡಿಮೆಯಾಗಿದ್ದರೆ ಮುಂದಿನ ಪ್ರಶ್ನೆ: ಎಲ್ಲಿಂದ ಹೋಯಿತು? ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಬೇಕು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸಬೇಕು. ಹಳೆಯ ಕಾರಿನಲ್ಲಿ ಬಹಳ ಸಲ ಸೋರುವುದು ಗಟ್ಟಿಯಾಗಿಹೋದ ರಬ್ಬರ್ ಓ-ರಿಂಗ್‌ಗಳು, ಕಲ್ಲಿನ ಪೆಟ್ಟು ಬಿದ್ದ ಕಂಡೆನ್ಸರ್, ಕಂಪ್ರೆಸರಿನ ಶಾಫ್ಟ್ ಸೀಲ್. ಓ-ರಿಂಗ್ ಬಿಡಿಕಾಸಿನ ವಸ್ತು. ಅದು ಸೋರಿದ್ದಕ್ಕೆ ಪ್ರತಿವರ್ಷ ಗ್ಯಾಸಿನ ಹಣ ತೆರುತ್ತೇವೆ!

ಸೋರಿಕೆ ಮುಚ್ಚಿದ ಮೇಲೆ ಹೊಸ ಡ್ರೈಯರ್ ಹಾಕಬೇಕು. ನಂತರ ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಒಳಗಿನ ಗಾಳಿ ಮತ್ತು ತೇವವನ್ನು ಎಳೆಯಬೇಕು. ಪಂಪ್ ನಿಲ್ಲಿಸಿ ಹತ್ತು-ಹದಿನೈದು ನಿಮಿಷ ಬಿಟ್ಟರೂ ಮುಳ್ಳು ಅಲುಗಬಾರದು. ಆಮೇಲೆ, ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಗಿ ತುಂಬಬೇಕು. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. "ಸ್ವಲ್ಪ ಜಾಸ್ತಿ ಹಾಕಿ, ಹೆಚ್ಚು ತಂಪಾಗಲಿ" ಎಂದು ನಾವೇ ಒತ್ತಾಯಿಸುವುದುಂಟು. ಜಾಸ್ತಿಯಾದರೆ ತಂಪು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಮೂರು ಅಡ್ಡದಾರಿಗಳಿಂದ ದೂರವಿರಿ. ಒಂದು, ಪ್ರೆಷರ್ ಸ್ವಿಚ್ಚನ್ನು ವೈರಿನಿಂದ "ಡೈರೆಕ್ಟ್" ಮಾಡುವುದು. ಗ್ಯಾಸ್ ಇಲ್ಲದಿದ್ದರೆ ಅದರೊಡನೆ ಸುತ್ತುವ ಎಣ್ಣೆಯೂ ಕಂಪ್ರೆಸರಿಗೆ ಮರಳುವುದಿಲ್ಲ. ಕೆಲವೇ ದಿನಗಳಲ್ಲಿ ಅದು ಒಣಗಿ ಹಿಡಿದುಕೊಳ್ಳುತ್ತದೆ. ಎರಡು, ಅಗ್ಗವೆಂದು ಅಡುಗೆ ಗ್ಯಾಸ್ ಅಥವಾ ಅಂಥ ಉರಿಯುವ ಗ್ಯಾಸ್ ತುಂಬಿಸುವುದು. ಕೂಲಿಂಗ್ ಕಾಯಿಲ್ ಸೋರಿದರೆ ಅದು ನೇರ ಮಕ್ಕಳು ಕೂತಿರುವ ಜಾಗಕ್ಕೇ ಬರುತ್ತದೆ, ಒಂದು ಕಿಡಿ ಸಾಕು. ಮೂರು, ಸೋರಿಕೆ ಮುಚ್ಚುವ ಅಂಟಿನ ದ್ರವ ಹಾಕಿಸುವುದು. ತೂತಿನ ಜೊತೆ ವಾಲ್ವಿನ ಸೂಜಿಗಂಡಿಯನ್ನೂ ಅದು ಮುಚ್ಚೀತು.

ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಲೋಹದ ಚೂರು ಎಲ್ಲ ಪೈಪುಗಳಿಗೂ ಹರಡಿರುತ್ತದೆ. ಪೈಪು ತೊಳೆಸಿ, ಡ್ರೈಯರ್, ವಾಲ್ವ್, ಅಗತ್ಯವಿದ್ದರೆ ಕಂಡೆನ್ಸರನ್ನೂ ಬದಲಾಯಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದಕ್ಕೂ ಅದೇ ಗತಿ. ಇಷ್ಟೆಲ್ಲಾ ಖರ್ಚು ಕಾರಿನ ಬೆಲೆಯ ಹತ್ತಿರ ಬಂದರೆ ಕುಟುಂಬದವರೆಲ್ಲ ಕೂತು ಯೋಚಿಸಿ. ಬೆಳಗಿನ ಜಾವದ ಪ್ರಯಾಣ, ಆಸ್ಪತ್ರೆಗೆ ಹೋಗುವ ದಿನ ಮಾತ್ರ ಬಾಡಿಗೆ ಗಾಡಿ, ಇವೂ ಜಾಣತನವೇ.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಜೇಬಿನ ಮಾತಾಯಿತು. ಇನ್ನು ನಮ್ಮ ಮೇಲಿರುವ ಆಕಾಶದ ಮಾತು. 1990ರ ದಶಕದ ಮೊದಲ ಭಾಗದವರೆಗೂ ಕಾರುಗಳಲ್ಲಿ ಆರ್-12 ಎಂಬ ಗ್ಯಾಸ್ ಇರುತ್ತಿತ್ತು. ಇಂಥ ಗ್ಯಾಸುಗಳು ಮೇಲೇರಿ, ಸೂರ್ಯನ ಕ್ರೂರ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನ್ ಪದರವನ್ನು ತಿನ್ನುತ್ತವೆ ಎಂದು ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. ಅವರಿಗೂ ಪಾಲ್ ಕ್ರುಟ್ಜೆನ್ ಅವರಿಗೂ 1995ರಲ್ಲಿ ನೊಬೆಲ್ ಬಹುಮಾನ ಬಂತು. ಮೊಲಿನಾ ಮತ್ತು ಕ್ರುಟ್ಜೆನ್ ಇಬ್ಬರೂ ಧರ್ಮಸಭೆಯ ಪಾಂಟಿಫಿಕಲ್ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತಿನ ದೇಶಗಳು ಈ ಗ್ಯಾಸುಗಳನ್ನು ನಿಲ್ಲಿಸಲು ಮುಂದಾದವು. ಭಾರತ 1992ರಲ್ಲಿ ಸೇರಿತು, 2008ರ ಆಗಸ್ಟ್ 1ರಿಂದ ಅವುಗಳ ತಯಾರಿಕೆಯನ್ನು ನಿಲ್ಲಿಸಿತು, ಔಷಧಿಯ ಇನ್ಹೇಲರುಗಳಿಗೆ ಮಾತ್ರ ವಿನಾಯಿತಿ ಇತ್ತು. ಅಷ್ಟು ಹಳೆಯ ಕಾರು ನಿಮ್ಮಲ್ಲಿದ್ದರೆ ಬರೀ ಗ್ಯಾಸ್ ಬದಲಿಸಿದರೆ ಸಾಲದು. ಎಣ್ಣೆ, ಡ್ರೈಯರ್, ಓ-ರಿಂಗ್ ಎಲ್ಲವನ್ನೂ ಆರ್-134ಎಗೆ ಹೊಂದುವಂತೆ ಬದಲಾಯಿಸಬೇಕು.

ಆರ್-134ಎ ಓಜೋನಿಗೆ ಕೇಡು ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲಶಾಲಿ. ಲೆಕ್ಕ ಹಾಕಿ: ಸೋರಿಹೋದ ಅರ್ಧ ಕಿಲೋ ಗ್ಯಾಸ್ ಸುಮಾರು 700 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಅಂದರೆ ಒಂದು ಸಲ ಗ್ಯಾಸ್ ಸೋರಲು ಬಿಟ್ಟರೆ 300 ಲೀಟರ್ ಪೆಟ್ರೋಲ್ ಸುಟ್ಟಂತೆ! ಆದ್ದರಿಂದಲೇ 2016ರ ಕಿಗಾಲಿ ತಿದ್ದುಪಡಿಯಂತೆ ಈ ಗ್ಯಾಸುಗಳನ್ನೂ ಹಂತಹಂತವಾಗಿ ಇಳಿಸಬೇಕಿದೆ. ಭಾರತ ಇದನ್ನು 2021ರಲ್ಲಿ ಅನುಮೋದಿಸಿತು. 2032ರಿಂದ ಇಳಿಕೆ ಆರಂಭವಾಗಿ 2047ಕ್ಕೆ ಶೇ. 85ರಷ್ಟು ತಗ್ಗಬೇಕು.

ಜಗದ್ಗುರು ಸಂತ ಎರಡನೇ ಜಾನ್ ಪಾಲ್‌ರವರು 1990ರ ವಿಶ್ವಶಾಂತಿ ದಿನದ ಸಂದೇಶದಲ್ಲೇ ಓಜೋನ್ ಪದರ ಸವೆಯುತ್ತಿರುವುದನ್ನು ಪ್ರಸ್ತಾಪಿಸಿದ್ದರು. ಕೀರ್ತಿಶೇಷ ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಎ.ಸಿ.ಗಳ ಬಳಕೆ ಏರುತ್ತಲೇ ಇರುವುದನ್ನು ಉದಾಹರಣೆಯಾಗಿ ಎತ್ತಿಕೊಂಡರು. ಅದೇ ಪತ್ರದಲ್ಲಿ, ವಸ್ತುವನ್ನು ಬಿಸಾಡುವ ಬದಲು ಮತ್ತೆ ಬಳಸುವುದೂ ಪ್ರೀತಿಯ ಕಾರ್ಯವಾಗಬಲ್ಲದು ಎಂದು ತಿಳಿಸಿದ್ದಾರೆ. ತೋಟವನ್ನು ಕಾಯ್ದುಕೊಳ್ಳಲು ಮನುಷ್ಯನಿಗೆ ಒಪ್ಪಿಸಿದನೆಂದು ಆದಿಕಾಂಡದಲ್ಲಿ ಓದುತ್ತೇವೆ. ನಮ್ಮ ಕಾಲದಲ್ಲಿ ಆ ಕಾಯುವ ಕೆಲಸ ಒಂದು ಓ-ರಿಂಗ್ ಬದಲಾಯಿಸುವಷ್ಟು ಸಣ್ಣದೂ ಆಗಿರಬಹುದು.

ಪ್ರಯಾಣದ ದಿನ ನೆನಪಿಡಿ

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದಾಗ ಮೊದಲು ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ, ಒಳಗಿನ ಝಳ ಹೊರಹೋಗಲಿ. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಹಾಕಿ. ಊರು ಸೇರುವ ಐದು ನಿಮಿಷ ಮುಂಚೆ ಎ.ಸಿ. ಆರಿಸಿ ಬ್ಲೋವರ್ ಮಾತ್ರ ಬಿಟ್ಟರೆ ಕಾಯಿಲ್ ಒಣಗಿ ಮುಗ್ಗಲು ವಾಸನೆ ಬರುವುದಿಲ್ಲ. ಮುಂದಿನ ಸೀಟಿನ ಕಾಲಡಿ ನೀರು ಕಂಡರೆ ನೀರಿಳಿಯುವ ಸಣ್ಣ ಪೈಪ್ ಕಟ್ಟಿದೆ, ಬಿಡಿಸಿದರೆ ಸಾಕು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ, ಸೀಲುಗಳಿಗೆ ಎಣ್ಣೆ ತಾಗುತ್ತಿರುತ್ತದೆ.

ಜೀವದ ವಿಷಯ ಎರಡಿದೆ. ನಿಂತ ಕಾರಿನಲ್ಲಿ ಇಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎ.ಸಿ. ಹಾಕಿ ಯಾರೂ ಮಲಗಬಾರದು. ಹೊಗೆಕೊಳವೆ ಸೋರುವ ಹಳೆಯ ಕಾರಿನಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿ ನಿದ್ದೆಯಲ್ಲೇ ಪ್ರಾಣ ತೆಗೆದೀತು. ಹಾಗೆಯೇ "ಎರಡೇ ನಿಮಿಷ" ಎಂದು ಮಗುವನ್ನೋ ವೃದ್ಧರನ್ನೋ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಪೂಜೆಗೆ ಬಂದಾಗ ಗುಡಿಯಂಗಳದಲ್ಲೂ ಈ ಎಚ್ಚರ ಇರಲಿ.

ಈ ವಾರ ಬಿಡುವಾದಾಗ ಒಮ್ಮೆ ಬಾನೆಟ್ ತೆರೆದು ನೋಡಿ. ಕಂಡೆನ್ಸರಿನಲ್ಲಿ ತೊಗರಿಯ ಹೊಟ್ಟು ಕಂಡರೆ ಮೊದಲು ಒಂದು ಬಕೆಟ್ ನೀರು ತನ್ನಿ. ಗ್ಯಾಸಿನ ಮಾತು ಆಮೇಲೆ.